ವಯಸ್ಸಾದವರಿಗೆ ಮನೆ ಕೊಡಲ್ಲ ಅಂತ ಬೋರ್ಡ್‌ ಮೇಲೇ ಬರೆದುಬಿಡಿ

ನಿನ್ನೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 29 ವರ್ಷ ಪಾಠ ಮಾಡಿ ನಿವೃತ್ತಿಯಾಗಿ ಎರಡು ವರ್ಷ ಆಯಿತು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನನಗೆ 62, ಅವರಿಗೆ 67. ಇರುವವಳು ಒಬ್ಬಳೇ ಮಗಳು. ಬಳ್ಳಾರಿಯಲ್ಲಿ ಕಪ್ಪಗಲ್ಲು ರಸ್ತೆಯ ಕಡೆ ಇದ್ದಾಳೆ, ನರ್ಸ್ ಕೆಲಸ. ಅಳಿಯ ತೋರಣಗಲ್ಲಿಗೆ ಶಿಫ್ಟ್ ಮೇಲೆ ಹೋಗಿ ಬರುತ್ತಾರೆ. ಎರಡು ವರ್ಷದ ಮೊಮ್ಮಗ ಇದ್ದಾನೆ. ಹೋದ ವರ್ಷ ದೀಪಾವಳಿ ಆದಮೇಲೆ ನಮ್ಮವರಿಗೆ ಎದೆನೋವು ಬಂತು, ಬಳ್ಳಾರಿಗೆ ಕರೆತಂದು ಸ್ಟೆಂಟ್ ಹಾಕಿಸಿದೆವು. ಆವತ್ತು ರಾತ್ರಿ ಹೊಳೆ ದಾಟಿ ಸಿರುಗುಪ್ಪ ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬಂದಿತ್ತು. ಆಗಲೇ ಮಗಳು ಹಟ ಹಿಡಿದಳು, ಇನ್ನು ನೀವಿಬ್ಬರೇ ಅಲ್ಲಿ ಇರುವುದು ಬೇಡ, ನನ್ನ ಕಣ್ಣೆದುರಿಗೆ ಬನ್ನಿ ಅಂತ.

ಸರಿ ಎಂದು ಹೊರಟೆವು. ನಮಗೆ ಬೇಕಾಗಿದ್ದು ಏನು ಮಹಾ? ನೆಲಮಹಡಿಯಲ್ಲಿ ಒಂದು ಹಾಲ್, ಒಂದು ಬೆಡ್‌ರೂಮು, ಅಡುಗೆಮನೆ, ಕೂರುವ ಕಮೋಡ್ ಇರುವ ಬಾತ್‌ರೂಮು. ಮಗಳ ಮನೆಗೆ ನಡೆದು ಹೋಗುವಷ್ಟು ದೂರ. ಅಷ್ಟೇ. ಮೂರು ತಿಂಗಳಿಂದ ಹುಡುಕುತ್ತಿದ್ದೇವೆ. ವಾರಕ್ಕೆ ಎರಡು ಸಲ ಸಿಂಧನೂರಿನಿಂದ ಬಸ್ಸಿನಲ್ಲಿ ಬಂದು, ಗಾಂಧಿನಗರ, ಪಾರ್ವತಿ ನಗರ, ಸಂಗನಕಲ್ಲು ರಸ್ತೆ, ತಾಳೂರು ರಸ್ತೆ, ಕಡೆಗೆ ಹವಂಭಾವಿ ತನಕ ಅಲೆದಿದ್ದೇವೆ. ನನಗೆ ಶಕ್ತಿ ಯೋಜನೆಯ ಟಿಕೆಟ್, ಅವರಿಗೆ ದುಡ್ಡು ಕೊಟ್ಟು ಟಿಕೆಟ್. ಬಳ್ಳಾರಿಯ ಬಿಸಿಲು ಗೊತ್ತಲ್ಲ. ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ರಸ್ತೆಯಲ್ಲಿ ನಾಯಿ ಕೂಡ ಇರುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯನನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, ನಾನೊಬ್ಬಳೇ ಮನೆಮನೆ ಗೇಟು ಬಡಿದಿದ್ದೇನೆ.

ಮನೆ ಇಲ್ಲವೆಂದಲ್ಲ. ಎಷ್ಟೋ ಕಡೆ ಟುಲೆಟ್ ಬೋರ್ಡ್ ನೇತಾಡುತ್ತಿದೆ. ಕೊಡುವುದಿಲ್ಲ.

ಮೊದಲನೇ ಮನೆಯಲ್ಲೇ ಗೊತ್ತಾಯಿತು. ಆ ಮನೆಯವರು ಬಹಳ ಪ್ರೀತಿಯಿಂದ ಮಾತಾಡಿಸಿದರು, ನೀರು ಕೊಟ್ಟರು, ಮನೆ ತೋರಿಸಿದರು. ಟೀಚರ್ ಆಗಿದ್ದೆ ಅಂದಾಗ ಇನ್ನೂ ಖುಷಿ ಪಟ್ಟರು. ಅಷ್ಟರಲ್ಲಿ ನಮ್ಮವರು ಗೋಡೆ ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿ ಬಂದರು. ಅವರನ್ನು ನೋಡಿದ ಕೂಡಲೇ ಆಕೆಯ ಮುಖ ಬದಲಾಯಿತು. "ಯಜಮಾನರಿಗೆ ಆರಾಮಿಲ್ಲೇನ್ರೀ? ನಮ್ಮ ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ ರೀ ಮೇಡಂ." ಫೋನ್ ಬರಲಿಲ್ಲ. ಒಂದೂವರೆ ತಿಂಗಳಾದ ಮೇಲೂ ಅದೇ ಗೇಟಿಗೆ ಅದೇ ಬೋರ್ಡ್ ನೇತಾಡುತ್ತಿತ್ತು.

ಇನ್ನೊಂದು ಕಡೆ ನಾನೇ ಫೋನ್ ಮಾಡಿದೆ. ಯಾರು, ಏನು, ಎಷ್ಟು ಜನ ಎಂದೆಲ್ಲ ಕೇಳಿದರು. ಇಬ್ಬರೇ, ರಿಟೈರ್ ಆದವರು ಅಂದೆ. "ಅಯ್ಯೋ, ನಿನ್ನೆನೇ ಕೊಟ್ಟುಬಿಟ್ವಲ್ರೀ" ಅಂದರು. ನನಗೆ ಅನುಮಾನ ಬಂದು ಮಗಳ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಹತ್ತು ನಿಮಿಷ ಬಿಟ್ಟು ಅದೇ ನಂಬರಿಗೆ ಮಾಡಿಸಿದೆ. "ಖಾಲಿ ಇದೆ, ಸಂಜೆ ಬಂದು ನೋಡಿ" ಅಂದರು. ಆ ಹುಡುಗನಿಗೇ ನಾಚಿಕೆಯಾಯಿತು. ಫೋನ್ ಇಟ್ಟು ನನ್ನ ಮುಖ ನೋಡಲಿಲ್ಲ.

ಬಾಡಿಗೆ ಕೊಡುವುದು ನನ್ನ ಪಿಂಚಣಿಯಿಂದ. ನಮ್ಮವರಿಗೆ ಬರುವುದು ಪಿ.ಎಫ್. ಪಿಂಚಣಿ, ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ನನ್ನದು ಸರ್ಕಾರದ ಪಿಂಚಣಿ, ತಿಂಗಳು ತಪ್ಪದೆ ಬ್ಯಾಂಕಿಗೆ ಬೀಳುತ್ತದೆ. ಪಾಸ್‌ಬುಕ್ ತೆಗೆದು ತೋರಿಸುತ್ತೇನೆ, ಆದರೂ ಮನೆ ಮಾಲೀಕರು ನನ್ನ ಕಡೆ ನೋಡುವುದೇ ಇಲ್ಲ. "ಗಂಡುಮಕ್ಕಳು ಇಲ್ಲೇನ್ರೀ?" ಎಂದು ನಮ್ಮವರನ್ನೇ ಕೇಳುತ್ತಾರೆ. ಇಲ್ಲ ಅಂದರೆ ಒಂದು ಉಸಿರು ಬಿಟ್ಟು, "ಹಂಗಾರೆ ನಾಳೆ ಹೆಚ್ಚುಕಡಿಮೆ ಆದ್ರೆ ಯಾರು ಬರ್ತಾರ್ರೀ?" ಅನ್ನುತ್ತಾರೆ. ಮಗಳು ನಾಲ್ಕು ರಸ್ತೆ ಆಚೆ ಇದ್ದಾಳೆ, ನರ್ಸ್ ಬೇರೆ. ಅವಳು ಲೆಕ್ಕಕ್ಕೇ ಇಲ್ಲ ಅಲ್ವಾ? "ಮಗಳ ಮನೆಯಲ್ಲೇ ಇರಬಹುದಲ್ಲ" ಎಂದು ಬುದ್ಧಿ ಹೇಳುವವರೂ ಇದ್ದಾರೆ. ಆ ಮನೆಯಲ್ಲಿ ನಮ್ಮ ಬೀಗರು ಇದ್ದಾರೆ, ಇರುವುದು ಎರಡೇ ಕೋಣೆ. ಇದ್ದರೂ ನಮಗೆ ನಮ್ಮದೇ ಒಂದು ಬಾಗಿಲು ಬೇಕು. ರಾತ್ರಿ ಕೆಮ್ಮು ಬಂದರೆ ಯಾರ ನಿದ್ದೆ ಕೆಟ್ಟಿತೋ ಎಂದು ಅಂಜದೆ ಕೆಮ್ಮುವಷ್ಟು ಜಾಗ ಬೇಕು. ಅದನ್ನು ಗೇಟಿನ ಹೊರಗೆ ನಿಂತು ಅಪರಿಚಿತರಿಗೆ ಬಿಡಿಸಿ ಹೇಳಬೇಕಾ?

ಇನ್ನು ಆ ಪ್ರಶ್ನೆ. "ನೀವು ಯಾರ ಪೈಕಿ ರೀ?" ಬಾಡಿಗೆ ಎಷ್ಟು ಎಂದು ಹೇಳುವುದಕ್ಕೂ ಮುಂಚೆ ಇದು. ನಾನು ಎಲ್ಲಿಯೂ ಉತ್ತರ ಕೊಟ್ಟಿಲ್ಲ. ಕ್ಲಾಸಿನಲ್ಲಿ 29 ವರ್ಷ ಎಲ್ಲ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಪಾಠ ಮಾಡಿದವಳು, ಬಿಸಿಯೂಟ ಬಂದಮೇಲೆ ಹಾಗೇ ಕೂರಿಸಿ ಊಟ ಬಡಿಸಿದವಳು ನಾನು, ಈ ವಯಸ್ಸಿನಲ್ಲಿ ಒಂದು ಬೆಡ್‌ರೂಮಿಗೋಸ್ಕರ ಅದನ್ನು ಹೇಳುವುದಿಲ್ಲ. ಉತ್ತರ ಕೊಡದಿದ್ದರೆ ಅದನ್ನೇ ಉತ್ತರ ಎಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಥ ನಾಲ್ಕು ಮನೆ ಬಿಟ್ಟೆವು.

ಕೊಡಲು ಒಪ್ಪಿದ ಮನೆಗಳ ಕತೆ ಬೇರೆ. ಒಂದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಹೊರಗಡೆಯಿಂದ ಕಬ್ಬಿಣದ ಸುತ್ತು ಮೆಟ್ಟಿಲು. ಮೇಲೆ ಬರೀ ಸ್ಲ್ಯಾಬು, ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. "ನಡೆದಾಡಿದ್ರೆ ಆರೋಗ್ಯಕ್ಕೆ ಒಳ್ಳೇದು ರೀ" ಅಂದ ಆ ಪುಣ್ಯಾತ್ಮ. ಇನ್ನೊಂದು ನೆಲಮಹಡಿಯೇ, ಆದರೆ ಸಂಪಿನ ಬೀಗದ ಕೈ ಮಾಲೀಕರ ಸೊಂಟದಲ್ಲಿ. ಬಳ್ಳಾರಿಯ ನಲ್ಲಿ ನೀರಿನ ಪಾಡು ಎಲ್ಲರಿಗೂ ಗೊತ್ತಿದೆ, ಮಗಳ ಓಣಿಯಲ್ಲಿ ವಾರಕ್ಕೊಮ್ಮೆ ಬಂದರೆ ಹಬ್ಬ, ಕೆಲವು ಸಲ ಹತ್ತು ದಿನ. ಅಷ್ಟು ದಿನಕ್ಕೆ ಹಿಡಿದಿಡಲು ಬಾಡಿಗೆದಾರರಿಗೆ ಎರಡು ಡ್ರಮ್ಮು, ಬೆಳಗ್ಗೆ ಹತ್ತು ನಿಮಿಷ ಮೋಟರ್. ಆಮೇಲೆ ಬೇಕಾದರೆ ಟ್ಯಾಂಕರ್ ತರಿಸಿಕೊಳ್ಳಿ ಅಂತ. ತುಂಗಭದ್ರೆ ಇಷ್ಟು ಹತ್ತಿರ ಹರಿಯುತ್ತಾಳೆ, ಇಲ್ಲಿ ಒಂದು ಕೊಡ ನೀರಿಗೆ ಮಾಲೀಕರ ಮುಖ ನೋಡಬೇಕು.

ಕರೆಂಟಿನದ್ದಂತೂ ಹಾಡುಹಗಲ ಸುಲಿಗೆ. ಇಡೀ ಬಿಲ್ಡಿಂಗಿಗೆ ಒಂದೇ ಆರ್.ಆರ್. ನಂಬರು, ಮನೆಗೊಂದು ಸಬ್‌ಮೀಟರು, ಯೂನಿಟ್ಟಿಗೆ ಹತ್ತು ರೂಪಾಯಿ. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆ ಮನೆಯವರಿಗೂ ಉಂಟು ಎಂದೇ ಬಂದದ್ದು, ಅಗ್ರಿಮೆಂಟ್ ತೋರಿಸಿ ನಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಹಾಗೆಂದು ಕೇಳಿದ್ದಕ್ಕೆ, "ಅದೆಲ್ಲ ಕೇಳೋರು ನಮಗೆ ಬ್ಯಾಡ್ರಿ" ಎಂದರು. ಕಾನೂನು ಗೊತ್ತಿರುವುದೂ ಒಂದು ತಪ್ಪು. ಅಡ್ವಾನ್ಸು ಕೇಳಿದರೆ ಒಂಬತ್ತು ಸಾವಿರದ ಮನೆಗೆ ಒಂದು ಲಕ್ಷ. ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎಂದು ಬರೆಯಿತು. ಮಾದರಿ ಎಂದರೆ ರಾಜ್ಯಗಳು ಒಪ್ಪಿ ಜಾರಿ ಮಾಡಿದರೆ ಮಾತ್ರ ಉಂಟು, ಇಲ್ಲದಿದ್ದರೆ ಬರೀ ಕಾಗದ. ಹನ್ನೊಂದು ತಿಂಗಳ ಅಗ್ರಿಮೆಂಟು ಬೇರೆ. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಬಾಡಿಗೆ ಏರಿಸಿ, ಇಲ್ಲ ಖಾಲಿ ಮಾಡಿ. ಹುಡುಗರಾದರೆ ಸಾಮಾನು ಎತ್ತಿಕೊಂಡು ಹೋಗುತ್ತಾರೆ, ನಾವು ವರ್ಷಕ್ಕೊಂದು ಸಲ ಟ್ರಂಕು ಹೊರಬೇಕಾ?

ಬ್ರೋಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆ ತೋರಿಸಲು ಒಂದಕ್ಕೆ 500, ಕುದುರಿದರೆ ಒಂದು ತಿಂಗಳ ಬಾಡಿಗೆ. ಆರು ಮನೆ ತೋರಿಸಿದ, ಆರೂ ಮಹಡಿ ಮೇಲೆ.

ಈಗ ನಿನ್ನೆಯ ವಿಷಯ.

ಹೋದ ವಾರ ಒಂದು ಮನೆ ಸಿಕ್ಕಿತ್ತು. ಮಗಳ ಮನೆಯಿಂದ ಏಳು ನಿಮಿಷದ ನಡಿಗೆ, ನಾನೇ ಗಡಿಯಾರ ನೋಡಿ ನಡೆದಿದ್ದೆ. ನೆಲಮಹಡಿ, ಮುಂದೆ ಒಂದು ಕಟ್ಟೆ, ಪಕ್ಕದಲ್ಲಿ ಕರಿಬೇವಿನ ಗಿಡ. ನಮ್ಮವರು ಆ ಕಟ್ಟೆಯ ಮೇಲೆ ಕೂತು, ಸಂಜೆ ಮೊಮ್ಮಗನನ್ನು ಇಲ್ಲಿ ಕೂರಿಸಿಕೊಂಡು ಮಂಡಾಳು ತಿನ್ನಿಸಬಹುದು ನೋಡು ಅಂದರು. ಮೂರು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು. ಐದು ಸಾವಿರ ಟೋಕನ್ ಕೊಟ್ಟೆವು. ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆವು. ಬರುವ ಶುಕ್ರವಾರ ಹಾಲು ಉಕ್ಕಿಸುವುದೆಂದು ಮಾತಾಯಿತು. ಸಿಂಧನೂರಿನಲ್ಲಿ ನಾನು ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಗಂಟು ಕಟ್ಟಲು ಶುರು ಮಾಡಿದ್ದೆ.

ನಿನ್ನೆ ಅಗ್ರಿಮೆಂಟಿಗೆ ಕರೆದರು. ಮಗಳು ರಜೆ ಹಾಕಿ ಬಂದಿದ್ದಳು. ಮಾಲೀಕರು, ಅವರ ತಾಯಿ, ಇನ್ಯಾರೋ ಒಬ್ಬ ಸಂಬಂಧಿಕರು ಕೂತಿದ್ದರು. ಕಾಫಿ ಕೊಟ್ಟರು. ಆಮೇಲೆ ಆ ಸಂಬಂಧಿಕರು ಗಂಟಲು ಸರಿಮಾಡಿಕೊಂಡು, "ತಪ್ಪು ತಿಳ್ಕೋಬ್ಯಾಡ್ರಿ ಮೇಡಂ" ಎಂದು ಶುರು ಮಾಡಿದರು. ಈ ಮೂರು ತಿಂಗಳಲ್ಲಿ ಕಲಿತಿದ್ದೇನೆ, ಹಾಗೆ ಶುರು ಮಾಡುವವರು ತಪ್ಪು ಮಾತನ್ನೇ ಆಡುತ್ತಾರೆ. ಯಜಮಾನರಿಗೆ ಹಾರ್ಟಿನ ತೊಂದರೆ ಇದೆಯಂತೆ. ನಾಳೆ ಮನೆಯಲ್ಲಿ ಏನಾದರೂ ಆಗಿ, ಅದೂ ಧನಿಷ್ಠಾ ಪಂಚಕದಂಥ ಕೆಟ್ಟ ನಕ್ಷತ್ರದಲ್ಲಿ ಆಗಿಬಿಟ್ಟರೆ, ಆರು ತಿಂಗಳು ಮನೆ ಬಾಗಿಲು ಹಾಕಬೇಕು. ಮೇಲೆ ನಾವೂ ಇರುವವರು, ನಾವೆಲ್ಲಿಗೆ ಹೋಗೋಣ? ಅದಕ್ಕೆ ಒಂದು ಮಾತು ಬಾಂಡ್ ಪೇಪರಿನಲ್ಲಿ ಸೇರಿಸೋಣ. ಆರೋಗ್ಯ ಜಾಸ್ತಿ ಕೆಟ್ಟರೆ ಆಸ್ಪತ್ರೆಗೆ ಸೇರಿಸಬೇಕು, ಅಲ್ಲಿ ಏನಾದರೂ ಆದರೆ ಇಲ್ಲಿಗೆ ತರಬಾರದು, ಹಾಗೇ ಸೀದಾ ನಿಮ್ಮ ಊರಿಗೆ ಒಯ್ಯಬೇಕು. ಮಗಳು, ಅಳಿಯ ಇಬ್ಬರೂ ಸಹಿ ಮಾಡಲಿ.

ನಮ್ಮವರು ಅಲ್ಲೇ ಕೂತಿದ್ದರು. ಕೈಯಲ್ಲಿ ಕಾಫಿ ಲೋಟ ಇತ್ತು. ಅವರ ಮುಂದೆಯೇ, ಅವರ ಹೆಣ ಎಲ್ಲಿಗೆ ಒಯ್ಯಬೇಕು ಎಂದು ಮಾತಾಡಿದರು.

ಮಗಳು ಎದ್ದು ನಿಂತು ಜಗಳಕ್ಕೇ ಇಳಿದಳು. ದಿನಾ ಆಸ್ಪತ್ರೆಯಲ್ಲಿ ಸಾವು ನೋಡುವವಳು ಅವಳು, ಅಳುವವಳಲ್ಲ, ನಿನ್ನೆ ಗಳಗಳ ಅತ್ತಳು. ನನಗೆ ಬಾಯಿಯೇ ಬರಲಿಲ್ಲ. ಎಷ್ಟು ಜೋರು ಮಕ್ಕಳಿರುವ ಕ್ಲಾಸನ್ನಾದರೂ ಒಂದು ಮಾತಿನಲ್ಲಿ ಸುಮ್ಮನೆ ಕೂರಿಸುತ್ತಿದ್ದವಳು ನಾನು. ನಮ್ಮವರು ಲೋಟ ಕೆಳಗಿಟ್ಟು, "ನಡಿ, ಬಸ್ಸಿಗೆ ಹೊತ್ತಾತು" ಎಂದರು. ಅಷ್ಟೇ. ಬಸ್ಸಿನಲ್ಲಿ ಸಿಂಧನೂರು ಬರುವ ತನಕ ಕಿಟಕಿ ಕಡೆ ತಿರುಗಿ ಕೂತಿದ್ದರು. ಟೋಕನ್ ದುಡ್ಡು ರಾತ್ರಿ ಫೋನ್‌ಪೇಗೆ ಬಂತು, ಐದು ಸಾವಿರವೂ ಪೂರ್ತಿ ಬಂತು, ಅದಕ್ಕೆ ನಾನು ಕೃತಜ್ಞಳಾಗಿರಬೇಕಂತೆ, ಬ್ರೋಕರ್ ಹೇಳಿದ.

ನಮಗೆ ದೇವರು, ಪಂಚಾಂಗ ಬೇಡವೆಂದಲ್ಲ. ನಮ್ಮ ಮನೆಯಲ್ಲೂ ಕ್ಯಾಲೆಂಡರ್ ನೋಡದೆ ನಾನು ಹೊಸ ಮಡಕೆ ಕೂಡ ತರುವುದಿಲ್ಲ. ಆದರೆ ಯಾವ ಮನೆಯಲ್ಲಿ ಸಾವಾಗಿಲ್ಲ ಹೇಳಿ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದು ಬುದ್ಧ ಹೇಳಿದ ಕತೆಯನ್ನು ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೆ ನಾನು. ನಮ್ಮ ಅತ್ತೆ ಮಾವ ಇಬ್ಬರೂ ಸಿಂಧನೂರಿನ ಮನೆಯ ಪಡಸಾಲೆಯಲ್ಲೇ ಪ್ರಾಣ ಬಿಟ್ಟರು, ಅದೇ ಪಡಸಾಲೆಯಲ್ಲಿ ನನ್ನ ಮಗಳು ಅಂಬೆಗಾಲಿಟ್ಟಳು. ಆ ಮಾಲೀಕರ ತಾಯಿಗೆ ಎಂಬತ್ತು ದಾಟಿರಬೇಕು. ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಾವು ಎದ್ದು ಹೊರಟಾಗ ಆ ಅಜ್ಜಿ ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸ್ಟೆಂಟಿನ ವಿಷಯ ಯಾರಿಗೂ ಹೇಳಬೇಡ, ನಿಮ್ಮಪ್ಪನ ವಯಸ್ಸು ಅರವತ್ತು ಅನ್ನು ಸಾಕು ಎಂದು ಬೀಗರು ಮಗಳಿಗೆ ಹೇಳಿಕೊಟ್ಟಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪುವುದಿಲ್ಲ. ಸುಳ್ಳು ಹೇಳಿ ಒಳಗೆ ಹೋಗಿ, ಅವರಿಗೆ ಒಂದು ಸಲ ಎದೆ ಹಿಡಿದುಕೊಂಡರೂ ಮಾಲೀಕರಿಗೆ ಗೊತ್ತಾಗದಂತೆ ಬಾಗಿಲು ಹಾಕಿಕೊಂಡು ಒದ್ದಾಡಬೇಕಾ?

ನಮ್ಮವರು ಇವತ್ತು ಬೆಳಗ್ಗೆ, ಇಲ್ಲೇ ಇದ್ದುಬಿಡೋಣ ಬಿಡು, ಆದದ್ದಾಗಲಿ ಎಂದರು. ನಾನು ಕಟ್ಟಿದ ಗಂಟು ಬಿಚ್ಚಿಲ್ಲ. ಸೋಮವಾರ ಮತ್ತೆ ಬಳ್ಳಾರಿಗೆ ಹೋಗುತ್ತೇನೆ, ಅವರನ್ನು ಬಿಟ್ಟು ಒಬ್ಬಳೇ. ಕಪ್ಪಗಲ್ಲು ರಸ್ತೆ, ಗಾಂಧಿನಗರ, ಪಾರ್ವತಿ ನಗರದ ಕಡೆ ನೆಲಮಹಡಿಯ ಮನೆ ಇದ್ದವರು ತಿಳಿಸಿ. ಇಬ್ಬರೇ ಇರುತ್ತೇವೆ. ವಯಸ್ಸು 62 ಮತ್ತು 67, ಯಜಮಾನರಿಗೆ ಒಂದು ಸ್ಟೆಂಟ್ ಹಾಕಿದೆ. ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಕೊಡುತ್ತೇನೆ. ಬಾಂಡ್ ಪೇಪರಿನಲ್ಲಿ ಆ ಮಾತು ಮಾತ್ರ ಬರೆಸಬೇಡಿ.