499 ಅಂತ ಬರೆದ ಕೂಡಲೇ ಅಪರೂಪ ಆಗುತ್ತದಾ ಮಾರಾಯ್ರೆ?

"ಇಡೀ ಪ್ರಪಂಚದಲ್ಲಿ ಇರುವುದೇ 499." ಫೆರಾರಿ ಕಂಪನಿಯ ಲಾಫೆರಾರಿ ಅನ್ನುವ ಕಾರಿನ ಈ ರೀಲ್ ನಮ್ಮ ಮಂಗಳೂರಿನ ಕಾರು ಹುಚ್ಚರ ಗ್ರೂಪಿನಲ್ಲಿ ಸುತ್ತುತ್ತಲೇ ಇದೆ. ಕೆಳಗೆ ಬೆಂಕಿ ಇಮೋಜಿಗಳ ಸಾಲು. ನನಗೆ ಮಾತ್ರ ಸ್ವಲ್ಪ ಕಿರಿಕಿರಿ. ಕಾರಿನ ಮೇಲೆ ಸಿಟ್ಟಿಲ್ಲ, ಕೊಟ್ಟರೆ ಯಾರು ಬೇಡ ಅಂತಾರೆ? ಆದರೆ ಬೇಕಂತಲೇ ಕಡಿಮೆ ಮಾಡಿದ ಕಾರು ಬೇರೆ, ಮಾಡಲಾಗದೆ ಕಡಿಮೆಯಾದ ಕಾರು ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಕೈ ಮುಗಿಯುವುದು ನನ್ನಿಂದ ಆಗುವುದಿಲ್ಲ.

ಫೆರಾರಿಯದ್ದೇ 250 ಜಿಟಿಒ ಅನ್ನುವ ಹಳೆ ರೇಸ್ ಕಾರು ನೋಡಿ. 1962ರಿಂದ 64ರ ಒಳಗೆ ಆದದ್ದು 36 ಕಾರು. ಜಿಟಿ ಅನ್ನುವ ವಿಭಾಗದ ರೇಸಿಗೆ ಇಳಿಸಬೇಕಾದರೆ 100 ಕಾರು ಮಾಡಿರಬೇಕು ಅಂತ ಆಗ ನಿಯಮ ಇತ್ತು. ಇದು ಹೊಸ ಕಾರೇ ಅಲ್ಲ, ಹಳೆ 250 ಜಿಟಿಯನ್ನೇ ಸುಧಾರಿಸಿದ್ದು ಅಂತ ಹೇಳಿ ಒಪ್ಪಿಗೆ ತಗೊಂಡರು. ಅಲ್ಲಿಗೆ ನೂರು ಮಾಡುವ ತಾಪತ್ರಯವೇ ತಪ್ಪಿತು. ರೇಸ್ ಗೆಲ್ಲಲಿಕ್ಕೆ ಬೇಕಾದಷ್ಟು ಮಾಡಿದರು, ನಿಲ್ಲಿಸಿದರು. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಡಲಿಕ್ಕೆ ಅಂತ ಯಾರೂ ಮಾಡಿದ್ದಲ್ಲ. ಅಂಥದ್ದೇ ಒಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.8 ಕೋಟಿ ಡಾಲರ್‌ಗೆ ಹೋಯಿತು.

ನನಗೆ ಇದಕ್ಕಿಂತ ಇಷ್ಟ ಮ್ಯಾಕ್‌ಲಾರೆನ್ ಎಫ್1. ಗಾರ್ಡನ್ ಮರ್ರೆ ಅಂತ, ಫಾರ್ಮುಲಾ ಒನ್ ಕಾರುಗಳನ್ನು ಮಾಡಿ ಪಳಗಿದ ಮನುಷ್ಯ, ಅವರ ಡಿಸೈನ್. ಮೂರು ಸೀಟು. ಡ್ರೈವರ್ ಸರೀ ನಡುವೆ, ಉಳಿದಿಬ್ಬರು ಅವನ ಆಚೆ ಈಚೆ, ಸ್ವಲ್ಪ ಹಿಂದಕ್ಕೆ. ಬಿಎಂಡಬ್ಲ್ಯೂ ವಿ12 ಎಂಜಿನ್. ಅದರ ಬಿಸಿ ತಡೆಯಲಿಕ್ಕೆ ಒಳಗಡೆ ಚಿನ್ನದ ಹಾಳೆ ಅಂಟಿಸಿದ್ದಾರೆ! ಶೋಕಿಗಲ್ಲ, ಶಾಖವನ್ನು ಚಿನ್ನದಷ್ಟು ಚೆನ್ನಾಗಿ ವಾಪಸ್ ಕಳಿಸುವ ವಸ್ತು ಕಡಿಮೆ, ಅದಕ್ಕೆ. 1995ರಲ್ಲಿ ಇದರ ರೇಸ್ ಮಾದರಿ ಫ್ರಾನ್ಸಿನ 24 ಗಂಟೆಯ ಲ ಮಾನ್ ರೇಸನ್ನೂ ಗೆದ್ದಿತು. ಇಷ್ಟೆಲ್ಲ ಇದ್ದೂ ಗಿರಾಕಿಗಳು ಬರಲಿಲ್ಲ. 300 ಮಾಡುವ ಅಂದಾಜಿತ್ತು. 1998ರಲ್ಲಿ ಈ ಕಾರು ಮಾಡುವುದನ್ನು ನಿಲ್ಲಿಸುವಾಗ ರೇಸಿನದ್ದು, ಪ್ರಯೋಗದ್ದು ಎಲ್ಲ ಸೇರಿ 106. ಮಾಮೂಲಿ ರಸ್ತೆ ಕಾರು ಬರೇ 64. ತೊಂಬತ್ತರ ದಶಕದ ಶುರುವಿನಲ್ಲಿ ಆ ಕಡೆ ವ್ಯಾಪಾರವೆಲ್ಲ ಬಿದ್ದುಹೋಗಿತ್ತು, ಕಾರಿನ ರೇಟೋ ಕೇಳುವ ಹಾಗೇ ಇರಲಿಲ್ಲ. ಅಂದರೆ ಇದು ಅಪರೂಪ ಆದದ್ದು ಮಾರಾಟ ಆಗದೆ! ಈಗ ನೋಡಿದರೆ 2021ರಲ್ಲಿ ಒಂದಕ್ಕೆ 2 ಕೋಟಿ ಡಾಲರ್ ದಾಟಿತು.

ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಕಥೆ ಇನ್ನೂ ಪಾಪ. 25 ಮಾಡಲು ಹೊರಟಿದ್ದರು. 1957ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಕಾರ್ಖಾನೆಗೆ ಬೆಂಕಿ ಬಿದ್ದು ಒಂಬತ್ತು ಸುಟ್ಟುಹೋದವು. ಉಳಿದದ್ದು 16. ಸುಮಾರು ಅರವತ್ತು ವರ್ಷ ಆದಮೇಲೆ, ಕಂಪನಿ ನಮ್ಮ ಟಾಟಾದವರ ಕೈಯಲ್ಲಿರುವಾಗ, ಆ ಒಂಬತ್ತನ್ನು ಹೊಸದಾಗಿ ಕಟ್ಟಿ ಮಾರಿದರು. ಅವೂ ಎಕ್ಸ್‌ಕೆಎಸ್‌ಎಸ್ಸೇ ಅಂತಾರೆ. ನಾನು ಒಪ್ಪುವುದಿಲ್ಲ. ಜಗಳ ಮಾಡುವವರು ಕಮೆಂಟಿಗೆ ಬನ್ನಿ.

ಈಗ 499ರ ವಿಷಯ. 2016ರಲ್ಲಿ ಇಟಲಿಯಲ್ಲಿ ಭೂಕಂಪ ಆಯಿತು. ಫೆರಾರಿಯವರು 500ನೆಯ ಲಾಫೆರಾರಿ ಮಾಡಿ 70 ಲಕ್ಷ ಡಾಲರ್‌ಗೆ ಹರಾಜು ಹಾಕಿ, ದುಡ್ಡನ್ನು ಅಲ್ಲಿನ ಪುನರ್ನಿರ್ಮಾಣಕ್ಕೆ ಕೊಟ್ಟರು. ಒಳ್ಳೆ ಕೆಲಸ, ಎರಡು ಮಾತಿಲ್ಲ. ಆದರೆ 499 ಅನ್ನುವುದು ಕಲ್ಲಲ್ಲಿ ಕೆತ್ತಿದ ಲೆಕ್ಕ ಅಲ್ಲ ಅಂತ ಗೊತ್ತಾಯಿತಲ್ಲ! ಮನಸ್ಸಿದ್ದರೆ ಇನ್ನೊಂದು ಆಗುತ್ತದೆ. ಫೆರಾರಿಯವರದ್ದೇ ಹಳೆ ಕಾರು ಎಫ್40 ಕೂಡ ಮೊದಲು 400 ಅಂದುಕೊಂಡದ್ದು, ಬೇಡಿಕೆ ನೋಡಿ 1300 ದಾಟಿಸಿದರು. ತಮಾಷೆ ಎಂತ ಅಂದರೆ, ಅಷ್ಟು ಜಾಸ್ತಿ ಆದರೂ ಎಫ್40 ಮೇಲಿನ ಪ್ರೀತಿ ಯಾರಿಗೂ ಕಡಿಮೆ ಆಗಲಿಲ್ಲ. ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಗೆ ಮಳೆಗಾಲದಲ್ಲಿ ಅಟ್ಟೆಗೆ (ಹೂ ಮಾರುವ ಲೆಕ್ಕ) ರೇಟು ಏರುವುದು ಗಿಡದಲ್ಲಿ ಮೊಗ್ಗೇ ಇಲ್ಲದೆ. ರೇಟು ಬರಲಿ ಅಂತ ಯಾರೂ ಮೊಗ್ಗನ್ನು ಗಿಡದಲ್ಲೇ ಬಿಟ್ಟು ಬರುವುದಿಲ್ಲ.

ಇವೆಲ್ಲ ಇಲ್ಲಿ ಕಾಣದಿರುವುದಕ್ಕೆ ದುಡ್ಡೊಂದೇ ಕಾರಣ ಅಲ್ಲ. ಹೊಸ ಕಾರನ್ನು ಹೊರದೇಶದಿಂದ ಇಲ್ಲಿಗೆ ತರಿಸಬೇಕಾದರೆ ಸ್ಟಿಯರಿಂಗ್ ಬಲಗಡೆ ಇರಬೇಕು. ಫೆರಾರಿಯ ಎಫ್50, ಎಂಜೋ ಎಲ್ಲ ಕಾರ್ಖಾನೆಯಿಂದ ಬಂದದ್ದೇ ಎಡಗಡೆ ಸ್ಟಿಯರಿಂಗ್. ಮೇಲಿಂದ ಸುಂಕ. ಅದೂ ಕಳೆದು ಬಂದರೆ ನಮ್ಮ ಹಂಪ್‌ಗಳಿವೆ.

ಹಾಗೆ ನೋಡಿದರೆ ನಮ್ಮ ಕರಾವಳಿಯ ನಿಜವಾದ ಅಪರೂಪ ಬೇರೆಯೇ ಇದೆ. ಸ್ಯಾನ್ ಸ್ಟಾರ್ಮ್ ನೆನಪಿದೆಯಾ? ತೊಂಬತ್ತರ ದಶಕದ ಕೊನೆಗೆ ಗೋವಾದಲ್ಲಿ ಮಾಡುತ್ತಿದ್ದ ಪುಟ್ಟ ಎರಡು ಸೀಟಿನ ಕಾರು. ಫೈಬರ್ ಬಾಡಿ, ರೆನೋ ಎಂಜಿನ್, ಮೇಲೆ ಬಟ್ಟೆಯ ಟಾಪ್. ಹೆಚ್ಚು ಜನ ತಗೊಳ್ಳಲಿಲ್ಲ. ಒಂದನ್ನು ಕಂಕನಾಡಿ ಕಡೆಯ ಗ್ಯಾರೇಜಿನಲ್ಲಿ ಹತ್ತಿರದಿಂದ ನೋಡಿದ್ದೆ. ಟಾಪ್ ಮಡಿಕೆಯಲ್ಲೇ ಹರಿದಿತ್ತು, ಬಾನೆಟ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಪಕ್ಕದಲ್ಲಿದ್ದ ಮಾರುತಿ 800ರ ಬಾಗಿಲಿನ ಅಡಿಯನ್ನು ಉಪ್ಪುಗಾಳಿ ತಿಂದು ಟಿಂಕರಿಂಗ್ ನಡೆಯುತ್ತಿತ್ತು. ಸ್ಟಾರ್ಮ್‌ನ ಫೈಬರ್ ಬಾಡಿಗೆ ತುಕ್ಕಿನ ಹೆದರಿಕೆ ಇಲ್ಲ.

"ಬಾಡಿಗೆ ಎಂತ ಆಗುವುದಿಲ್ಲ ಸರ್," ಅಂದರು ಮೇಸ್ತ್ರಿ. "ಗ್ಲಾಸ್ ಒಡೆದರೆ ಕಥೆ ಮುಗೀತು. ಎಲ್ಲಿಂದ ತರುವುದು?"

ಮಂಗಳೂರು, ಉಡುಪಿ ಕಡೆ ಯಾರ ಮನೆಯಲ್ಲಾದರೂ ಓಡುವ ಸ್ಯಾನ್ ಸ್ಟಾರ್ಮ್ ಇದ್ದರೆ ಫೋಟೋ ಹಾಕಿ. ನಂಬರ್ ಪ್ಲೇಟ್ ಮುಚ್ಚಿದರೂ ಅಡ್ಡಿಯಿಲ್ಲ.