ಮೊದಲು ಎಲ್ಲಿ ಹೂತಿದ್ದೀರಿ ಹೇಳಿ

"ಆಗಿದ್ದು ಆಗಿಹೋಯ್ತು, ಬಿಟ್ಟಾಕಿ." ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದನ್ನ ಹೇಳುವವರು ಹೆಚ್ಚಾಗಿ ಏನೂ ಕಳಕೊಳ್ಳದವರೇ ಆಗಿರುತ್ತಾರೆ.

ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಬದುವಿನ ಜಗಳ ಇತ್ತು. ಒಂದು ಬೆಳಗ್ಗೆ ನೋಡಿದರೆ ಗಡಿಕಲ್ಲು ಎರಡು ಮಾರು ನಮ್ಮ ಹೊಲದೊಳಗೆ ಬಂದಿತ್ತು. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಹಿರಿಯರು "ಒಡಹುಟ್ಟಿದವರು ನೀವು, ಹೊಂದ್ಕೊಂಡು ಹೋಗಿ" ಅಂದರು. ಇಬ್ಬರ ಕೈಗೂ ಟೀ ಲೋಟ ಕೊಟ್ಟು ರಾಜಿ ಆಯ್ತು ಅಂದರು. ಕಲ್ಲು ಕಿತ್ತವರು ಯಾರು ಅಂತ ಯಾರೂ ಕೇಳಲೇ ಇಲ್ಲ. ಅಪ್ಪ ಮತ್ತೆ ಜಮೀನಿನ ಮಾತು ಎತ್ತಲಿಲ್ಲ. "ಕಲ್ಲು ನಾನೇ ಕಿತ್ತಿದ್ದು ಅಣ್ಣ ಅಂತ ಒಂದ್ಸಲ ಅಂದಿದ್ರೆ ಸಾಕಿತ್ತು" ಅಂತ ಮಾತ್ರ ಕೊನೆವರೆಗೂ ಅನ್ನುತ್ತಿದ್ದರು.

ಎರಡು ಮಾರು ಹೊಲಕ್ಕೂ ಒಂದು ನರಮೇಧಕ್ಕೂ ಹೋಲಿಕೆ ಇಲ್ಲ, ಅದು ನನಗೂ ಗೊತ್ತು. ಆದರೂ ಆಫ್ರಿಕಾದ ರುವಾಂಡಾ ದೇಶದ ನರಮೇಧದ ಬಗ್ಗೆ ಓದುವಾಗೆಲ್ಲ ಅಪ್ಪನ ಆ ಮಾತು ನೆನಪಾಗುತ್ತದೆ.

1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು 100 ದಿನಗಳಲ್ಲಿ ಅಲ್ಲಿ 8 ಲಕ್ಷದಷ್ಟು ಜನರನ್ನ ಕೊಂದರು. ಅಲ್ಲಿನ ಸರ್ಕಾರ 10 ಲಕ್ಷಕ್ಕೂ ಜಾಸ್ತಿ ಅನ್ನುತ್ತದೆ. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಅನ್ನೋ ಅಲ್ಪಸಂಖ್ಯಾತ ಸಮುದಾಯದವರು, ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರವಾದಿಗಳು. ಕೊಲ್ಲುವುದನ್ನ ವಿರೋಧಿಸಿದ ಹುಟುಗಳನ್ನೂ ಕೊಂದರು. ಎಲ್ಲರದ್ದೂ ಒಂದೇ ಭಾಷೆ. ಒಂದೇ ಊರು, ಒಂದೇ ಚರ್ಚು. ಯಾರು ಹುಟು, ಯಾರು ಟುಟ್ಸಿ ಅಂತ ಗುರುತಿನ ಚೀಟಿಯಲ್ಲಿ ಬರೆಯೋಕೆ ಶುರು ಮಾಡಿದ್ದು 1930ರ ದಶಕದಲ್ಲಿ, ಆಗ ಆ ದೇಶವನ್ನ ಆಳುತ್ತಿದ್ದ ಬೆಲ್ಜಿಯಂನ ಆಡಳಿತ. ಅರವತ್ತು ವರ್ಷ ಆದಮೇಲೆ ದಾರಿಯಲ್ಲಿ ತಡೆದು ಅದೇ ಚೀಟಿ ನೋಡಿ ಕೊಂದರು. ಜೀವ ಉಳಿಸಿಕೊಳ್ಳೋಕೆ ಚರ್ಚಿನೊಳಗೆ ಸೇರಿದವರನ್ನೂ ಬಿಡಲಿಲ್ಲ. ನ್ಯಾಮಟಾದ ಚರ್ಚು ಈಗ ಸ್ಮಾರಕ. ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳನ್ನ ರಾಶಿ ಹಾಕಿ ಇಟ್ಟಿದ್ದಾರೆ. ಅದರ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಕೊಲೆ ನಿಂತ ಮೇಲೆ ಏನು ಮಾಡೋದು? 1 ಲಕ್ಷಕ್ಕೂ ಹೆಚ್ಚು ಜನ ಜೈಲಿನಲ್ಲಿದ್ದರು. ಜಡ್ಜುಗಳು, ವಕೀಲರಲ್ಲಿ ಬಹಳಷ್ಟು ಜನ ಸತ್ತಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು. ಇರುವ ಕೋರ್ಟುಗಳಲ್ಲೇ ವಿಚಾರಣೆ ಮಾಡಿದರೆ ನೂರು ವರ್ಷವೂ ಸಾಲದು ಅನ್ನೋ ಲೆಕ್ಕ ಬಂತು. ಆಗ ಹಳೆಯದೊಂದು ಪದ್ಧತಿಯನ್ನ ಹೊಸ ಕಾನೂನಿನೊಳಗೆ ತಂದರು. ಅದರ ಹೆಸರು ಗಚಾಚಾ. ಊರವರು ಕೂತು ನ್ಯಾಯ ಹೇಳುತ್ತಿದ್ದ ಹುಲ್ಲಿನ ಜಾಗದಿಂದ ಬಂದ ಹೆಸರು. ನಮ್ಮ ಅರಳಿಕಟ್ಟೆ ಇದ್ದ ಹಾಗೆ ಅಲ್ವಾ? 2002ರಲ್ಲಿ ಕೆಲವು ಕಡೆ ಶುರುವಾಗಿ, 2005ರ ಹೊತ್ತಿಗೆ ದೇಶದ ತುಂಬ ಸುಮಾರು 12,000 ಕಡೆ ಜನ ಸೇರತೊಡಗಿದರು. ನ್ಯಾಯ ಹೇಳಿದವರು ಊರವರೇ ಆರಿಸಿದ ರೈತರು, ಮೇಷ್ಟ್ರುಗಳು, ಹೆಂಗಸರು. 2012ರ ಜೂನ್‌ನಲ್ಲಿ ಮುಗಿಯುವಷ್ಟರಲ್ಲಿ 19 ಲಕ್ಷಕ್ಕೂ ಹೆಚ್ಚು ಕೇಸುಗಳನ್ನ ನೋಡಿದ್ದರು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ಕಾನೂನಿನ ಒಂದು ಸಣ್ಣ ವಿಷಯ. ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಆಗುತ್ತಿತ್ತು. ಒಂದಿಷ್ಟು ವರ್ಷ ಜೈಲಿನ ಬದಲು ರಸ್ತೆ ಮಾಡೋದು, ಮನೆ ಕಟ್ಟೋದು ಅಂತ ಕೆಲಸ ಕೊಡುತ್ತಿದ್ದರು. ಆದರೆ ಸುಮ್ನೆ "ತಪ್ಪಾಯ್ತು" ಅಂದರೆ ಒಪ್ಪುತ್ತಿರಲಿಲ್ಲ. ಯಾರನ್ನ, ಯಾವಾಗ, ಹೇಗೆ ಕೊಂದೆ, ಜೊತೆಗೆ ಯಾರಿದ್ದರು, ಹೆಣ ಎಲ್ಲಿ ಹಾಕಿದೆ ಅಂತ ಎಲ್ಲ ಹೇಳಬೇಕಿತ್ತು. ಅದೂ ಸತ್ತವರ ಮನೆಯವರ ಎದುರಿಗೇ.

ಹೆಣ ಎಲ್ಲಿದೆ ಅನ್ನೋದು ಯಾಕಿಷ್ಟು ಮುಖ್ಯ? ಮನೆಯಲ್ಲಿ ಒಂದು ಸಾವು ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಣ್ಣು ಮಾಡದೆ ದುಃಖಕ್ಕೆ ಕೊನೆ ಇಲ್ಲ. ಗಚಾಚಾದಲ್ಲಿ ಬಂದ ಮಾಹಿತಿಯಿಂದ ಎಷ್ಟೋ ಮನೆಯವರು ಹೊಂಡ, ಬಾವಿ, ಗದ್ದೆ ಅಗೆದು ಮೂಳೆ ತೆಗೆದರು. ತೊಳೆದು, ಮರ್ಯಾದೆಯಿಂದ ಮತ್ತೆ ಹೂತರು. ಕ್ಷಮಿಸೋದು ಬಿಡೋದು ಆಮೇಲಿನ ಮಾತು. ಕೆಲವರು ಕ್ಷಮಿಸಿದರು, ಕೊಂದವನ ಪಕ್ಕದಲ್ಲೇ ಮನೆ ಮಾಡಿಕೊಂಡು ಇದ್ದಾರೆ. ಕೆಲವರು ಕ್ಷಮಿಸಲಿಲ್ಲ. ಅದು ಅವರ ಹಕ್ಕು. ಅವರನ್ನ ಕಲ್ಲು ಮನಸ್ಸಿನವರು ಅನ್ನೋಕೆ ನಾವ್ಯಾರು?

ಎಲ್ಲರೂ ಬಾಯಿ ಬಿಟ್ಟರು ಅಂತೇನಿಲ್ಲ. 2018ರಲ್ಲಿ ರಾಜಧಾನಿ ಕಿಗಾಲಿಯ ಹತ್ತಿರ ದೊಡ್ಡ ದೊಡ್ಡ ಹೆಣದ ಗುಂಡಿಗಳು ಸಿಕ್ಕವು. ಅವುಗಳ ಮೇಲೆ ಮನೆಗಳಿದ್ದವು. ಅದರ ಮೇಲೇ ಜನ ಬದುಕಿದ್ದರು. ಗೊತ್ತಿದ್ದವರು ಇಪ್ಪತ್ನಾಲ್ಕು ವರ್ಷ ಸುಮ್ಮನಿದ್ದರು. ತಮ್ಮವರನ್ನ ಹುಡುಕುತ್ತಿದ್ದವರು ಅದೇ ಬೀದಿಯಲ್ಲಿ ಓಡಾಡಿರಬಹುದು. ನಮಸ್ಕಾರ, ಮಾತುಕತೆ ಎಲ್ಲ ನಡೆದಿರಬಹುದು. ನೋಡುವವರಿಗೆ ಅದೂ ಶಾಂತಿಯ ಹಾಗೇ ಕಾಣುತ್ತದೆ. ಅಪ್ಪ ಮತ್ತು ಚಿಕ್ಕಪ್ಪ ಟೀ ಕುಡಿದಾಗ ಕಂಡಿತ್ತಲ್ಲ, ಹಾಗೆ.

ಗಚಾಚಾವನ್ನ ಸುಮ್ನೆ ಹೊಗಳೋಕೆ ನನಗೆ ಮನಸ್ಸಿಲ್ಲ. ಆರೋಪಿಗಳಿಗೆ ವಕೀಲರಿರಲಿಲ್ಲ. ಹಳೆ ದ್ವೇಷಕ್ಕೆ ಸುಳ್ಳು ಸಾಕ್ಷಿ ಹೇಳಿದವರಿದ್ದರು. ನಿಜ ಹೇಳಲು ಬಂದ ಕೆಲವು ಸಾಕ್ಷಿಗಳನ್ನ ಕೊಂದರು. ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಕೇಸುಗಳೂ 2008ರ ನಂತರ ಊರಿನ ಈ ನ್ಯಾಯಕಟ್ಟೆಗೇ ಬಂದವು. ಬಾಗಿಲು ಮುಚ್ಚಿ ವಿಚಾರಣೆ ಮಾಡಿದರು, ನಿಜ. ಆದರೆ ಊರು ಚಿಕ್ಕದು. ಯಾರು ಒಳಗೆ ಹೋದರು ಅಂತ ಎಲ್ಲರಿಗೂ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ನೋವಾಗೋದು ಇನ್ನೊಂದು ವಿಷಯಕ್ಕೆ. ಆ ನರಮೇಧವನ್ನ ನಿಲ್ಲಿಸಿ ಅಧಿಕಾರಕ್ಕೆ ಬಂದ, ಟುಟ್ಸಿಗಳ ಮುಂದಾಳತ್ವದ ಬಂಡುಕೋರ ಪಡೆ ಆರ್‌ಪಿಎಫ್‌ನ ಸೈನಿಕರೂ ಜನರನ್ನ ಕೊಂದಿದ್ದರು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ, ನರಮೇಧವನ್ನ ಅದರ ಜೊತೆ ತೂಗೋಕೆ ಆಗಲ್ಲ. ಆದರೆ ಆ ಕೊಲೆಗಳ ದೂರನ್ನ ಗಚಾಚಾ ತೆಗೆದುಕೊಳ್ಳಲೇ ಇಲ್ಲ. ಹಾಗೆ ಗಂಡನನ್ನ, ಮಗನನ್ನ ಕಳಕೊಂಡ ಹುಟು ಹೆಂಗಸರೂ ಪ್ರತಿ ವಾರ ಅದೇ ಹುಲ್ಲಿನ ಮೇಲೆ ಕೂತು ಬೇರೆಯವರ ಸಾವಿನ ವಿಚಾರಣೆ ಕೇಳಬೇಕಾಯಿತು. ತಮ್ಮವರನ್ನ ಎಲ್ಲಿ ಹೂತಿದ್ದಾರೆ ಅಂತ ಅಲ್ಲಿ ಎದ್ದು ನಿಂತು ಕೇಳೋ ಹಾಗಿರಲಿಲ್ಲ.