ಅಹಿತಕರ ಘಟನೆ

ಪಕ್ಕದ ಮನೆಯ ಹುಡುಗಿ ಇಲ್ಲಿ ಮ್ಯೂನಿಕ್‌ನಲ್ಲೇ ಚಿತ್ರಕಲೆ ಓದುತ್ತಾಳೆ. ವರ್ಷದ ಕೊನೆಯ ಪ್ರದರ್ಶನಕ್ಕೆ ಕರೆದಿದ್ದಳು. ನಮ್ಮ ಮನೆಯಲ್ಲಿ ಮಿರ್ಚಿ ಭಜಿ ತಿಂದ ಋಣ ಇರಬೇಕು. ಚೆನ್ನಾಗಿದೆ ಅಂತ ಹೇಳಿ ಬಂದರಾಯಿತು ಎಂದು ಹೋದೆ.

ಗೋಡೆಯ ಮೇಲೆ ಎರಡೇ ಎರಡು ಉದ್ದನೆಯ ಹಾಳೆ. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆ ಒಂದರಲ್ಲಿ ಅಕ್ಷರ ಮೂಡಿಸಿದ್ದಳು. ಒಲಿಂಪಿಯಾ ಶಾಪಿಂಗ್ ಸೆಂಟರ್ ಹತ್ತಿರದ ಸ್ಮಾರಕದ ಅಕ್ಷರ. 2016ರ ಜುಲೈ 22ರಂದು 18 ವರ್ಷದವನೊಬ್ಬ ಅಲ್ಲಿ 9 ಜನರನ್ನು ಗುಂಡಿಕ್ಕಿ ಕೊಂದ. ಹೆಚ್ಚಿನವರು ಹದಿಹರೆಯದ ಮಕ್ಕಳು, ಬಹುತೇಕರು ವಲಸಿಗರ ಮನೆಗಳವರು. ಮರುವರ್ಷ ಒಂದು ಗಿಂಕ್ಗೊ ಮರಕ್ಕೆ ಉಕ್ಕಿನ ಬಳೆ ತೊಡಿಸಿದಂತೆ ಸ್ಮಾರಕ ಮಾಡಿದರು. ಅದರಲ್ಲಿ ‘ಅಮೋಕ್’ ಎಂದು ಬರೆದಿತ್ತು. ಅಂದರೆ ತಲೆಕೆಟ್ಟವನೊಬ್ಬ ಕಂಡಕಂಡವರನ್ನು ಕೊಂದದ್ದು. 2019ರಲ್ಲಿ ಪೊಲೀಸರು ಇದು ಬಲಪಂಥೀಯ ದ್ವೇಷದ ಕೊಲೆ ಎಂದು ಒಪ್ಪಿದರು. 2020ರಲ್ಲಿ ಸ್ಮಾರಕದ ಮೇಲೂ ‘ಜನಾಂಗೀಯ ದ್ವೇಷದ ದಾಳಿ’ ಎಂದಾಯಿತು.

ಎರಡನೇ ಹಾಳೆಯಲ್ಲಿ ‘ಅಮೋಕ್’ ಇದ್ದ ಹಳೆಯ ಸಾಲು ಬರೆದು ರಬ್ಬರಿನಿಂದ ಅಳಿಸಿದ್ದಳು. ಆದರೂ ಮಸುಕಾಗಿ ಕಾಣುತ್ತಿತ್ತು. ಕೆಳಗೆ ರಬ್ಬರಿನ ಪುಡಿ. ಗುಡಿಸಿಲ್ವಲ್ಲ ಎಂದೆ. ಅದು ಅಲ್ಲೇ ಇರಬೇಕು ಎಂದಳು. ಆಮೇಲೆ ಸುಮ್ನೆ ಕೇಳಿದಳು: ‘ನಿಮ್ಮ ಊರಿನಲ್ಲಿ ಇಂಥದ್ದಕ್ಕೆ ಏನು ಪದ?’

ಏನು ಪದ? ‘ಅಹಿತಕರ ಘಟನೆ’. ಮಾಡಿದವರು ‘ಕಿಡಿಗೇಡಿಗಳು’. ಬಸ್ಸಿನ ಗಾಜು ಒಡೆದವನೂ ಕಿಡಿಗೇಡಿ, ಮನುಷ್ಯನನ್ನು ಕೊಂದವನೂ ಕಿಡಿಗೇಡಿ. ಜರ್ಮನ್‌ನಲ್ಲಿ ಹೇಗೆ ಹೇಳಲಿ? ನಾಚಿಕೆಯಾಯಿತು.

ನಾನು ಧಾರವಾಡದವನು. 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದ ಊರು. ಆಯುಷ್ಯವೆಲ್ಲ ಶಾಸನ ಓದಿದ ಮನುಷ್ಯ. ಸಾವಿರ ವರ್ಷದ ಹಿಂದೆ ನಮ್ಮವರು ವೀರಗಲ್ಲು ನಿಲ್ಲಿಸಿ, ಇಂಥವನು ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಸತ್ತ ಎಂದು ನೇರವಾಗಿ ಕೆತ್ತಿಸುತ್ತಿದ್ದರು. ಈಗ ನಮಗೆ ಮೂರ್ತಿ ಬೇಕು, ಮಾಲೆ ಬೇಕು, ಸರ್ಕಲ್ಲಿಗೆ ಹೆಸರು ಬೇಕು. ಹೇಗೆ ಸತ್ತರು ಎಂಬ ಸಾಲು ಬೇಡ.

ಇಲ್ಲಿಯವರೂ ಸಾಚಾ ಏನಲ್ಲ ಬಿಡಿ. ಎನ್ಎಸ್‌ಯು ಎಂಬ ನವನಾಜಿ ಗುಂಪು 2000ದಿಂದ 2007ರವರೆಗೆ 10 ಜನರನ್ನು ಕೊಂದಿತು. ಪೊಲೀಸರು ವರ್ಷಗಟ್ಟಲೆ ಸಂಶಯಪಟ್ಟದ್ದು ಸತ್ತವರ ಮನೆಯವರನ್ನೇ. ಪತ್ರಿಕೆಗಳು ‘ಡೋನರ್ ಕೊಲೆಗಳು’ ಎಂದು ತುರ್ಕಿ ತಿಂಡಿಯ ಹೆಸರಿಟ್ಟು ಬರೆದವು. ಕಿಡಿಗೇಡಿಗಿಂತಲೂ ಹೊಲಸು ಪದ. ಗುಂಪು ಬಯಲಾದದ್ದು 2011ರಲ್ಲಿ. ಮೊದಲು ಸತ್ತ ಹೂವಿನ ವ್ಯಾಪಾರಿಯ ನೆನಪಿಗೆ 2019ರಲ್ಲಿ ತ್ಸ್ವಿಕಾವ್ ಊರಿನಲ್ಲಿ ನೆಟ್ಟ ಓಕ್ ಗಿಡವನ್ನು ಯಾರೋ ಕಡಿದೇ ಹಾಕಿದರು. ಮ್ಯೂನಿಕ್‌ನ ಸ್ಮಾರಕದ ಆ ಒಂದು ಪದ ಬದಲಾಗಲೂ ಮೂರು ವರ್ಷ ಬೇಕಾಯಿತು.

ರಾತ್ರಿ ಫೋನಿನಲ್ಲಿ ಭಾವನಿಗೆ ಇದನ್ನೆಲ್ಲ ಹೇಳಿದೆ.

‘ಕೋರ್ಟ್ ಹೇಳೂದಕ್ಕಿಂತ ಮೊದಲ ನಾವು ಏನಂತ ಬರಸೂದಪಾ?’ ಎಂದರು. ಅದೂ ಖರೆ. ಆಮೇಲೆ ಕೇಳಿದರು, ‘ಅಲ್ಲೆ ಸತ್ತವ್ರ ಫೋಟೋ ಅದಾವೇನು?’

‘ಅದಾವ.’

‘ಮತ್ತೇನ ಬೇಕಿತ್ತು ಅವ್ರಿಗೆ?’

‘ಫೋಟೋ ಮೊದಲಿಂದನೂ ಇದ್ದುವು ಭಾವ’ ಎಂದೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಮಳೆಯ ಮಾತು ಬಂತು.